ನೀಲಿ ಕಾರಿನ ಪ್ರಾಣ

ಆ ಕಾರಿನ ಬಾಗಿಲಿಗೆ ಹಿಡಿಕೆ ಇರಲಿಲ್ಲ. ಇತ್ತು, ಆದರೆ ಬಾಗಿಲಿನೊಳಗೇ ಅಡಗಿ ಕೂತಿರುತ್ತಿತ್ತು. ಒಡೆಯ ಹತ್ತಿರ ಬಂದಾಗ ಹೊಸ ಮದುವಣಗಿತ್ತಿಯ ಹಾಗೆ ನಾಚುತ್ತ ಹೊರಬರಬೇಕು. ಅದೇ ಅದರ ಶ್ರೀಮಂತಿಕೆ. ಆ ಬೆಳಿಗ್ಗೆ ಒಂಬತ್ತೂವರೆಗೆ ಮುಳ್ಳಪ್ಪ ತನ್ನ ಮದುವೆಯ ಕೋಟು ತೊಟ್ಟು ಕಾರಿನೆದುರು ನಿಂತ. ಎರಡು ಹೆಜ್ಜೆ ಹಿಂದೆ ಹೋದ, ಮತ್ತೆ ಎರಡು ಹೆಜ್ಜೆ ಮುಂದೆ ಬಂದ. ಹಿಡಿಕೆ ಬರಲಿಲ್ಲ.

ಮುಳ್ಳಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಗಡಿಯಾರ ರಿಪೇರಿ ಅವನ ಕಸುಬು. ದಿನವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದೊಡ್ಡ ಮುಳ್ಳು, ಸಣ್ಣ ಮುಳ್ಳುಗಳ ಜೊತೆಯಲ್ಲೇ ಅವನ ಸಂಸಾರ. ಆರು ತಿಂಗಳ ಹಿಂದೆ ದಲ್ಲಾಳಿಯೊಬ್ಬ ಈ ನೀಲಿ ಕರೆಂಟ್ ಕಾರನ್ನು ಅವನಿಗೆ ಗಂಟುಹಾಕಿದ್ದ. ಹೊಸದರಲ್ಲಿ ಬಂಗಲೆಯ ಬೆಲೆಯ ಕಾರು, ಮೂರೇ ವರ್ಷ ಓಡಿ ಸ್ಕೂಟರಿನವನ ಕೈಗೂ ಎಟುಕುವಷ್ಟು ಇಳಿದಿತ್ತು. ಯಾಕೆ ಇಳಿಯಿತು ಎಂದು ಮುಳ್ಳಪ್ಪ ಕೇಳಲಿಲ್ಲ.

"ಹಳೇ ಮಾಲೀಕರ ಫೋನಿಗೂ ಕಾರಿಗೂ ನಂಟಿರುತ್ತೆ. ಷೋರೂಮಲ್ಲಿ ದುಡ್ಡು ಕಟ್ಟಿ ಬಿಡಿಸ್ಕೊಂಡ್ಬಿಡಿ," ಎಂದಿದ್ದ ದಲ್ಲಾಳಿ. ಮುಳ್ಳಪ್ಪ ಲೆಕ್ಕ ಹಾಕಿದ. ತೊಂಬತ್ತು ವಾಚುಗಳಿಗೆ ಸೆಲ್ ಹಾಕಿದರೆ ಬರುವ ದುಡ್ಡು! ಕಣ್ಣಿಗೆ ಕಾಣದ ನಂಟು ಬಿಡಿಸಲು ಅಷ್ಟೇಕೆ ಎಂದು ಸುಮ್ಮನಾದ.

ಆಮೇಲೆ ಕಾರು ತನ್ನ ಗುಣ ತೋರಿಸಿತು. ಹೊರಗೇ ಬಾರದ ಹಿಡಿಕೆ ಬದಲಿಸಲು ನಾನೂರು ವಾಚು. ತನ್ನಷ್ಟಕ್ಕೆ ಕೂಗುವ ಹಾರನ್ನಿಗೆ ಇನ್ನೂರೈವತ್ತು. ಯಾರೂ ಇಲ್ಲದಾಗ ಗುಯ್ಯೆಂದು ತಿರುಗುವ ಎ.ಸಿ. ಫ್ಯಾನಿಗೆ ಎಂಟುನೂರು. ಬದಲಿಸಿದ ಮರುದಿನ ಎಲ್ಲವೂ ಯಥಾಪ್ರಕಾರ.

"ನನ್ನ ಹಲ್ಲುನೋವಿಗೆ ಲವಂಗ ಕಚ್ಕೋ ಅಂತೀರಿ. ಅದರ ಹಾರನ್ನಿಗೆ ಸ್ಪೆಷಲಿಸ್ಟೇ ಬೇಕು," ಎಂದು ಹೆಂಡತಿ ಮುಖ ಊದಿಸಿಕೊಂಡಿದ್ದಳು.

ಇವತ್ತು ಮಾತ್ರ ಕಾರು ಕೈಕೊಡುವಂತಿರಲಿಲ್ಲ. ಪುರಸಭೆಯ ಗೋಪುರದ ಗಡಿಯಾರ ಆರು ವರ್ಷದಿಂದ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಿಂತುಬಿಟ್ಟಿತ್ತು. ಅದನ್ನು ನಡೆಸಿಕೊಂಡು ಹೋಗುವವನಿಗೆ ತಿಂಗಳಿಗಿಷ್ಟು ಎಂದು ಸಂಬಳ. ಆ ಕೆಲಸ ಸಿಕ್ಕರೆ ಮುಳ್ಳಪ್ಪನ ಅಂಗಡಿ ಉಳಿಯುತ್ತಿತ್ತು. ಇಲ್ಲದಿದ್ದರೆ ಕಾರೇ ಅದನ್ನು ತಿಂದು ಮುಗಿಸುತ್ತಿತ್ತು. ಹನ್ನೊಂದಕ್ಕೆ ಬರಬೇಕೆಂದು ಪುರಸಭೆಯ ಸಾಹೇಬರ ಕಾಗದ ಬಂದಿತ್ತು. ಕೆಳಗೆ ಕೆಂಪು ಶಾಯಿಯಲ್ಲಿ, 'ಒಂದು ನಿಮಿಷ ತಡವಾದವರಿಗೆ ನನ್ನ ಗಡಿಯಾರ ಕೊಡುವುದಿಲ್ಲ' ಎಂದಿತ್ತು.

"ಬಸ್ಸಿಗೆ ಹೋಗ್ಬಾರ್ದಾ?" ಎಂದಳು ಹೆಂಡತಿ.

"ಬಸ್ಸಿಂದ ಇಳಿದವನಿಗೆ ಗೋಪುರ ಯಾರು ಕೊಡ್ತಾರೆ?"

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡಿನ ಮೇಲೆ ಗಲ್ಲ ಊರಿ ಇದನ್ನೆಲ್ಲ ನೋಡುತ್ತಿದ್ದರು. "ಮುಳ್ಳಪ್ಪನೋರೇ, ದುಬಾರಿ ಕಾರಿಗೆ ಸ್ವಾಭಿಮಾನ ಜಾಸ್ತಿ. ಬಾಗಿಲು ಸವರಿ ಮುದ್ದಾಗಿ ಕರೀರಿ."

"ಮೇಷ್ಟ್ರೇ, ಇದು ಕಾರು. ಕರು ಅಲ್ಲ."

"ಒಂದ್ಸಲ ಸವರಿ ನೋಡಿ, ನಿಮ್ಮ ಗಂಟೇನು ಹೋಗುತ್ತೆ?"

ಬೇರೆ ದಾರಿ ಕಾಣದೆ ಮುಳ್ಳಪ್ಪ ಅತ್ತಿತ್ತ ನೋಡಿ ಬಾಗಿಲು ಸವರಿದ. "ಬಾರಮ್ಮ, ನನ್ನ ರಾಜಕುಮಾರೀ..." ಎಂದ. ತಕ್ಷಣ ಹಾರನ್ ಕಿವಿ ಹರಿಯುವಂತೆ ಕಿರುಚಿತು, ದೀಪಗಳು ಕಣ್ಣು ಹೊಡೆದವು, ಮಂತ್ರ ಕೇಳಿದ ಗುಹೆಯ ಹಾಗೆ ಹಿಂದಿನ ಡಿಕ್ಕಿ ತಾನಾಗಿ ತೆರೆದುಕೊಂಡಿತು. ಬಾಗಿಲುಗಳು ಮಾತ್ರ ಬಿಗಿದುಕೊಂಡೇ ಇದ್ದವು.

"ನುಗ್ಗಿ, ನುಗ್ಗಿ! ಮನಸ್ಸು ಬದಲಾಯಿಸೋ ಮುಂಚೆ ನುಗ್ಗಿ!" ಎನ್ನುತ್ತ ಮೇಷ್ಟ್ರು ಕಾಂಪೌಂಡು ದಾಟಿ ಬಂದೇಬಿಟ್ಟರು. "ನಾನೂ ಆ ಕಡೆಗೇ ಹೊರಟಿದ್ದೆ."

ಮುಳ್ಳಪ್ಪ ಡಿಕ್ಕಿಯಿಂದ ತೆವಳಿ, ಸೀಟುಗಳ ಮೇಲೆ ಹೊರಳಿ, ತಲೆಕೆಳಗಾಗಿ ಸ್ಟೀರಿಂಗಿನ ಮುಂದೆ ಬಿದ್ದ. ಕೋಟಿನ ಕಂಕುಳು ಪರ್ರೆಂದು ಹರಿಯಿತು. ಹಿಂದೆಯೇ ಬಂದ ಮೇಷ್ಟ್ರು ಹಿಂದಿನ ಸೀಟಿನಲ್ಲಿ ಹತ್ತಿಮೂಟೆಯ ಹಾಗೆ ಪ್ರತಿಷ್ಠಾಪನೆಗೊಂಡರು. ಡಿಕ್ಕಿ ಮುಚ್ಚಿಕೊಂಡಿತು. ಕಾರು ಸದ್ದಿಲ್ಲದೆ ಹೊರಟಿತು.

ಅರ್ಧ ದಾರಿಯವರೆಗೆ ಅದು ಹಂಸದಂತೆ ತೇಲಿತು. ಊರಿನ ದೊಡ್ಡ ಸರ್ಕಲ್ಲಿನ ಕೆಂಪು ದೀಪಕ್ಕೆ ನಿಂತದ್ದು, ಹಸಿರು ಬಂದರೂ ಕದಲಲಿಲ್ಲ. ಎ.ಸಿ. ಮಂಜು ಸುರಿಸತೊಡಗಿತು. ಗಾಜುಗಳು ಸರ್ರನೆ ಇಳಿದವು, ಏರಿದವು, ಮತ್ತೆ ಇಳಿದವು. ಹಾರನ್ ಕೂಗತೊಡಗಿತು. ಹಿಂದೆ ನಿಂತ ಲಾರಿಯವನು ಕುಲಗೋತ್ರವೆಲ್ಲ ವಿಚಾರಿಸಿದ. ಟ್ರಾಫಿಕ್ ಪೊಲೀಸಿನವನು ಬಂದು ಕಿಟಕಿಯೊಳಗೆ ಬಗ್ಗಿದ.

"ಏನ್ರೀ, ಸರ್ಕಸ್ ತೋರಿಸ್ತಿದೀರಾ?"

"ನಾನೇನೂ ಮಾಡ್ತಿಲ್ಲ ಸಾರ್, ಅದೇ ಮಾಡ್ಕೋತಿದೆ."

"ನಾನು ಸಾಕ್ಷಿ," ಎಂದರು ಮೇಷ್ಟ್ರು, ಹಲ್ಲು ಕಟಕಟಿಸುತ್ತ.

ಗಂಟೆ ಹತ್ತು ಮೂವತ್ತೆಂಟು. ಮುಳ್ಳಪ್ಪ ಮೆಕ್ಯಾನಿಕ್‌ಗೆ ಫೋನು ಮಾಡಿದ. ಎಲ್ಲ ಕೇಳಿಸಿಕೊಂಡ ಮೆಕ್ಯಾನಿಕ್, "ಹಳೇ ಫೋನಿನ ನಂಟು ಬಿಡಿಸಿದ್ರಾ?" ಎಂದ. "ಇಲ್ಲ, ದುಡ್ಡು ಜಾಸ್ತಿ ಅಂತ..." ಎಂದ ಮುಳ್ಳಪ್ಪ. "ಹಂಗಾದ್ರೆ ಕಾರಿಗೆ ಯಾವ ರೋಗಾನೂ ಇಲ್ಲಣ್ಣ. ಆ ಫೋನ್ ಇಟ್ಕೊಂಡಿರೋರು ಯಾರೋ ಆಡಿಸ್ತಿದಾರೆ. ಪರದೇಲಿ ನಂಬರ್ ಇರುತ್ತೆ ನೋಡಿ."

ಕತೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿ ಇರುತ್ತದಲ್ಲ, ಹಾಗೆ ಈ ಕಾರಿನ ಪ್ರಾಣ ಇನ್ಯಾರದೋ ಅಂಗೈಯಲ್ಲಿತ್ತು! ಮುಳ್ಳಪ್ಪ ಆ ನಂಬರಿಗೆ ಕರೆ ಮಾಡಿದ. ಹಾರನ್ ನಿಂತಿತು. ಅತ್ತ ಕಡೆ ಒಂದು ಮುದಿ ದನಿ.

"ಯಾರಪ್ಪಾ?"

"ಅಜ್ಜೀ, ನಿಮ್ಮ ಫೋನಲ್ಲಿ ನೀಲಿ ಕಾರಿನ ಚಿತ್ರ ಇದೆಯಾ?"

"ಇದೆ ಮಗಾ! ನನ್ನ ಮಗ ತನ್ನ ಹಳೇ ಫೋನ್ ನಂಬರ್ ಸಮೇತ ಕೊಟ್ಟಾಗಿಂದ ಅದೇ ನಂಗೆ ಆಟ. ಮಾತ್ರೆ ನುಂಗಿ, ಹಾರನ್ ಒತ್ತಿ ಎಬ್ಬಿಸ್ತೀನಿ. ಬಿಸಿಲೇರಿದ್ರೆ ತಣ್ಣಗೆ ಮಾಡ್ತೀನಿ, ಪಾಪ, ಡಿಕ್ಕಿ ತೆಗೆದು ಗಾಳಿ ಆಡಿಸ್ತೀನಿ, ದೂರ ಹೋದ್ರೆ ನಿಲ್ಲಿಸ್ತೀನಿ. ಕಳ್ಳಕಾಕರ ಕಾಲ ನೋಡು, ಬಾಗಿಲು ಮಾತ್ರ ಭದ್ರವಾಗಿ ಹಾಕಿಟ್ಟಿರ್ತೀನಿ."

ನಾನೂರು, ಇನ್ನೂರೈವತ್ತು, ಎಂಟುನೂರು ವಾಚುಗಳು ಮುಳ್ಳಪ್ಪನ ಕಣ್ಣೆದುರು ಒಟ್ಟಿಗೇ ಟಿಕ್‌ಟಿಕ್ ಎಂದವು. "ಅಜ್ಜೀ, ಅದು ಆಟ ಅಲ್ಲ, ನನ್ನ ಕಾರು! ನಿಮ್ಮ ಕೈಗೆ ಇದನ್ನ ಕೊಟ್ನಲ್ಲ ನಿಮ್ಮ ಮಗ, ಅವನ ತಲೇಲಿ ಮಿದುಳಿದೆಯಾ, ಜೇಡಿಮಣ್ಣಿದೆಯಾ? ಈಗಲೇ ಅಳಿಸಿ ಅದನ್ನ!"

ಅತ್ತಲಿಂದ ಮೂಗೇರಿಸುವ ಸದ್ದು. "ಅಳಿಸ್ತೀನಪ್ಪ. ಕೊನೇ ಸಲ ಬಾಗಿಲು ಭದ್ರ ಮಾಡಿ ಅಳಿಸ್ತೀನಿ."

'ಟಕ್' ಎಂದಿತು. ಕಾರಿನ ದೀಪ, ಪರದೆ, ಗಾಳಿ ಎಲ್ಲ ಒಮ್ಮೆಲೇ ಆರಿದವು. ಬಾಗಿಲು ಅಲುಗಾಡಲಿಲ್ಲ. ಪುಣ್ಯಕ್ಕೆ ಗಾಜು ಇಳಿದಿತ್ತು. ಮುಳ್ಳಪ್ಪ ಕಿಟಕಿಯಿಂದ ಹಾರಿದ. ಮೇಷ್ಟ್ರ ಹೊಟ್ಟೆ ಕಿಟಕಿಗೆ ಒಪ್ಪಲಿಲ್ಲ.

"ರೀ, ನನ್ನ ಗತಿ?"

"ಹಾಸಿಗೆಗಿಂತ ಮೆತ್ತಗಿದೆ, ಮಲಕ್ಕೊಳ್ಳಿ ಮೇಷ್ಟ್ರೇ!" ಎನ್ನುತ್ತ ಮುಳ್ಳಪ್ಪ ಓಡಿದ.

ಸಾಹೇಬರ ಕೋಣೆಯ ಹೊಸ್ತಿಲಲ್ಲಿ ಅವನ ಕಾಲು ಬಿದ್ದಾಗ ಗೋಡೆಯ ಗಡಿಯಾರ ಹನ್ನೊಂದು ಹೊಡೆಯಿತು. ಸಾಹೇಬರ ಮುಖ ಅರಳಿತು. "ಭೇಷ್! ಉಳಿದ ಮೂವರು ಇನ್ನೂ ಬಂದಿಲ್ಲ. ಸರ್ಕಲ್ಲಲ್ಲಿ ಯಾವನದೋ ಕಾರು ಅಡ್ಡ ನಿಂತಿದೆಯಂತೆ. ನೀವು ಹೇಗೆ ಬಂದ್ರಿ?"

"ಓಡ್ಕೊಂಡು ಬಂದೆ ಸಾರ್." ಅದು ನಿಜವೇ ಆಗಿತ್ತು.

"ಇಂಥೋರು ಬೇಕು ನಂಗೆ." ಸಾಹೇಬರು ಕಡತ ತೆರೆದು ಪೆನ್ನೆತ್ತಿದರು. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. "ಅಮ್ಮ, ಕೆಲಸದಲ್ಲಿದೀನಿ... ಯಾಕಮ್ಮ ಅಳ್ತೀಯಾ?"

ಆ ತಾಯಿಯ ದನಿ ಇಡೀ ಕೋಣೆಗೆ ಕೇಳುವಷ್ಟಿತ್ತು. "ಯಾವನೋ ಕಟುಕ ನನ್ನ ಕೈಲೇ ನೀಲಿ ಕಾರು ಅಳಿಸಿಬಿಟ್ಟ ಕಣೋ! ನಿನ್ನ ತಲೇಲಿ ಜೇಡಿಮಣ್ಣಿದೆಯಾ ಅಂತ ಕೇಳ್ದ!"

ಮುಳ್ಳಪ್ಪ ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದ.

"ನೀಲಿ ಕಾರಾ?" ಸಾಹೇಬರು ಹುಬ್ಬು ಗಂಟಿಕ್ಕಿದರು. "ಅದನ್ನ ಮಾರಿ ಆರು ತಿಂಗಳಾಯ್ತಲ್ಲಮ್ಮ. ರಿಪೇರಿಗೆ ಸುರಿದೂ ಸುರಿದೂ ಸಾಕಾಗಿತ್ತು. ಅದನ್ನ ತಗೊಂಡ ಅಯೋಗ್ಯ ನಿಂಗೆ ಬೈದ್ನಾ? ಇರು, ಸಹಿ ಹಾಕಿ ಆಮೇಲೆ ಅವನನ್ನ ವಿಚಾರಿಸ್ಕೋತೀನಿ." ಫೋನನ್ನು ಹಾಗೇ ಮೇಜಿನ ಮೇಲಿಟ್ಟು, ಪೆನ್ನಿನ ಮೊನೆಯನ್ನು ಕಾಗದಕ್ಕೆ ಮುಟ್ಟಿಸಿದರು.

ಬಾಗಿಲು ದಢಾರೆಂದು ತೆರೆಯಿತು. ಕೂದಲು ಕೆದರಿದ ಮೇಷ್ಟ್ರು ಏದುಸಿರು ಬಿಡುತ್ತ ನಿಂತಿದ್ದರು.

"ಮುಳ್ಳಪ್ಪನೋರೇ! ಹಿಂದಿನ ದೊಡ್ಡ ಗಾಜು ಒಡೆದು ನನ್ನ ಈಚೆ ತೆಗೆದ್ರು! ನಿಮ್ಮ ನೀಲಿ ಕಾರನ್ನ ಲಾರಿ ಮೇಲೆ ಮಲಗಿಸ್ಕೊಂಡು ಹೋದ್ರು! ಆ ಅಜ್ಜಿ ಅಳಿಸಿದ ಮೇಲೆ ಅದು ಯಾರ ಗುರುತೂ ಹಿಡೀತಿಲ್ವಂತೆ. ಕಾರಿಗೆ ಹೊಸ ಮಿದುಳೇ ಹಾಕ್ಬೇಕಂತೆ. ನಿಮ್ಮ ಲೆಕ್ಕದಲ್ಲಿ ಆರು ಸಾವಿರ ವಾಚು!"

"ಮೇಷ್ಟ್ರೇ, ದಮ್ಮಯ್ಯ, ಸುಮ್ನಿರಿ!" ಎಂದು ಮುಳ್ಳಪ್ಪ ಚೀರಿದ.

ಮೇಜಿನ ಮೇಲಿನ ಫೋನು ಕಿರುಚಿತು: "ಅದೇ ದನಿ ಕಣೋ! ಅವನೇ!"

ಸಾಹೇಬರು ಮುಳ್ಳಪ್ಪನನ್ನು ಅಡಿಯಿಂದ ಮುಡಿಯವರೆಗೆ, ಹರಿದ ಕಂಕುಳನ್ನೂ ಸೇರಿಸಿ, ನಿಧಾನವಾಗಿ ನೋಡಿದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು. ಕಿಟಕಿಯಾಚೆ ಗೋಪುರದ ಮೇಲೆ ಗಂಟೆ ನಾಲ್ಕು ಹತ್ತು ಆಗಿತ್ತು.