ಏಳನೇ ನಂಬರಿನ ಚಿಪ್ಪು

ಬಕೆಟ್ಟನ್ನು ಮನೆಬಾಗಿಲ ಹೊರಗೆ ಇಟ್ಟದ್ದು ತಪ್ಪಲ್ಲ. ಅದರಲ್ಲೇನಿದೆ ಎಂದು ವಿವರಿಸಿದ್ದು ತಪ್ಪು.

ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವನು ಒಂಬತ್ತು ವರ್ಷದಿಂದ ತಾತ್ಕಾಲಿಕ ಸಹಾಯಕ. ಬಾಟಲಿ ತೊಳೆಯುವುದು, ಉಳಿದ ದ್ರಾವಣ ಚೆಲ್ಲುವುದು, ಹೇಳಿದಲ್ಲಿಗೆ ಓಡುವುದು ಅವನ ಕೆಲಸ. ಅವನ ಮನೆಯಿದ್ದ ಕಟ್ಟಡದವರೆಲ್ಲ ಅವನನ್ನು ನೀರಣ್ಣ ಎನ್ನುತ್ತಿದ್ದರು. ಮೂರು ತಿಂಗಳ ಹಿಂದೆ ನದಿಯುದ್ದಕ್ಕೂ ಇಪ್ಪತ್ತು ಗೂಟ ನೆಟ್ಟು, ಗೂಟಕ್ಕೊಂದರಂತೆ ಚಿಪ್ಪುಮೀನನ್ನು ಬಲೆಚೀಲದಲ್ಲಿ ಇಳಿಬಿಟ್ಟಿದ್ದ. ಚಿಪ್ಪಿನ ಮೇಲೆ ಹೆಂಡತಿಯ ಉಗುರುಬಣ್ಣದಲ್ಲಿ ಗೂಟದ ನಂಬರು. ನಿನ್ನೆ ಎಲ್ಲವನ್ನೂ ಎತ್ತಿ ತಂದಿದ್ದ. ಪರೀಕ್ಷೆಗೆ ಮೊದಲು ಹೊಟ್ಟೆಯ ಕೆಸರು ಹೋಗಲು ಒಂದು ದಿನ ಶುದ್ಧ ನೀರಿನಲ್ಲಿಡಬೇಕು. ಪ್ರಯೋಗಾಲಯದ ನಲ್ಲಿ ಕೈಕೊಟ್ಟದ್ದರಿಂದ ಮನೆಗೆ ತಂದಿದ್ದ.

"ಇಪ್ಪತ್ತೂ ಬರ್ಬೇಕು. ಒಂದು ಕಮ್ಮಿಯಾದ್ರೂ ಮೂರು ತಿಂಗಳ ಕೆಲಸ ನೀರುಪಾಲು," ಎಂದಿದ್ದರು ಪ್ರಯೋಗಾಲಯದ ಸಾಹೇಬರು. "ಜೊತೆಗೆ ನಿನ್ನ ಕಾಯಂ ಆರ್ಡರ್ರೂ."

ಬೆಳಗ್ಗೆ ಎದುರು ಮನೆಯ ಟೈಲರಮ್ಮ ಬಕೆಟ್ಟಿಗೆ ಇಣುಕಿದರು.

"ಏನೋ ನೀರಣ್ಣ, ಕಲ್ಲು ನೆನೆಹಾಕಿದೀಯ?"

"ಕಲ್ಲಲ್ಲ ಅಕ್ಕಾ, ಚಿಪ್ಪುಮೀನು. ನೀರಲ್ಲಿರೋ ಸೀಸ, ತಾಮ್ರ, ಪಾದರಸ ಎಲ್ಲಾ ಹೀರ್ಕೊಂಡು ಮೈಯಲ್ಲಿಟ್ಕೊಳ್ತವೆ. ಇವನ್ನ ಅರೆದು ನೋಡಿದ್ರೆ ನದಿಯ ಬಂಡವಾಳ ಬಯಲು."

"ಅಂದ್ರೆ ನೀರಿನ ವಿಷ ತೆಗೆದುಬಿಡ್ತವೆ ಅನ್ನು!"

"ಹೂಂ, ಒಂಥರಾ," ಎಂದು ಅವನು ಸ್ನಾನಕ್ಕೆ ಹೋದ. ಆ 'ಒಂಥರಾ'ವನ್ನು ಟೈಲರಮ್ಮ ಕತ್ತರಿಸಿ ಬಿಸಾಡಿದರು.

ಅವನು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಬಕೆಟ್ಟು ಶಾಲೆ ಬಿಟ್ಟ ಮೇಲಿನ ಅಂಗಳದ ಹಾಗೆ ಖಾಲಿಯಾಗಿತ್ತು.

"ಕುಡಿಯೋ ನೀರಿಗೆ ಹಾಕ್ಕೊಳ್ಳಿ ಅಂತ ಮನೆಗೊಂದು ಹಂಚಿದೆ ಕಣಪ್ಪ. ಇಪ್ಪತ್ತೂ ನೀನೊಬ್ನೇ ಇಟ್ಕೊಂಡು ಏನ್ಮಾಡ್ತೀಯ?" ಎಂದರು ಟೈಲರಮ್ಮ.

ಅವನು ಬನಿಯನ್ನಿನಲ್ಲೇ ಮೆಟ್ಟಿಲು ಹತ್ತಿ ಬಾಗಿಲು ಬಾಗಿಲು ತಟ್ಟಿದ. "ಕೊಟ್ಟಿದ್ದನ್ನ ವಾಪಸ್ ಕೇಳೋಕೆ ನಾಚಿಕೆಯಾಗಲ್ವಾ?" ಎಂದರು ಒಬ್ಬರು. "ಈಗಷ್ಟೇ ನಮ್ಮತ್ತೆ ನೀರಿನ ರುಚಿಯೇ ಬೇರೆ ಆಯ್ತು ಅಂದ್ರು. ತೆಗೆದ್ರೆ ನನ್ನ ತಲೆ ತಿಂತಾರೆ," ಎಂದು ಒಬ್ಬ ಸೊಸೆ ಬಿಂದಿಗೆಯನ್ನೇ ತಬ್ಬಿಕೊಂಡಳು. ಕೈಮುಗಿದು, ಗದರಿ, ಅಂಗಲಾಚಿ ಹತ್ತೊಂಬತ್ತು ದಕ್ಕಿದವು. ಏಳನೆಯದು ಮೂರನೇ ಮಹಡಿಯ ನಿವೃತ್ತ ಡ್ರಿಲ್ ಮೇಷ್ಟ್ರ ಪಾಲಾಗಿತ್ತು.

"ನನ್ನೊಬ್ಬನ ಬಿಂದಿಗೆಗೆ ಯಾಕೆ ಅಂತ ಮೇಲಿನ ಟ್ಯಾಂಕಿಗೇ ಎಸೆದೆ," ಎಂದರು ಮೇಷ್ಟ್ರು ಎದೆಯುಬ್ಬಿಸಿ. "ಎಲ್ಲರಿಗೂ ಒಳ್ಳೇದಾಗ್ಲಿ!"

ಟ್ಯಾಂಕಿಗೆ ಹೆಗಲವರೆಗೆ ಕೈ ಇಳಿಸಿದರೂ ಸಿಕ್ಕಿದ್ದು ಪಾಚಿ ಮತ್ತು ಯಾರದೋ ಒಂಟಿ ಕಾಲುಚೀಲ. ಹೊತ್ತಾಗುತ್ತಿತ್ತು. ಅವನು ಬೀದಿಯ ಕೊನೆಯ ಮೀನಿನವಳ ಹತ್ತಿರ ಓಡಿದ.

"ಒಂದು ಚಿಪ್ಪು ಕೊಡಮ್ಮ."

"ಒಂದೇ? ತಿನ್ನೋಕಾ, ಸಾಕೋಕಾ? ತಗೊಂಡ್ರೆ ಬುಟ್ಟಿ ಪೂರ್ತಿ ತಗೊಳ್ಳಿ, ನಾನೂ ಬೇಗ ಮನೆ ಸೇರ್ತೀನಿ."

ಬುಟ್ಟಿ ಪೂರ್ತಿ ಕೊಂಡ. ಮನೆಯಲ್ಲಿ ಒಂದರ ಮೇಲೆ ಉಗುರುಬಣ್ಣದಿಂದ ಏಳು ಬರೆದು, ಊದಿ ಒಣಗಿಸಿ, ಆಫೀಸಿಗೆ ಹಾರಿದ. ಮಿಕ್ಕದ್ದನ್ನು ಹೆಂಡತಿ ಬೇಯಿಸಿ ಮಧ್ಯಾಹ್ನ ಡಬ್ಬಿಯಲ್ಲಿ ತಂದುಕೊಟ್ಟಳು. "ನಂಗೆ ಈ ವಾಸನೆ ಆಗಲ್ಲ. ಎಲ್ಲಾ ನಿಮಗೇ."

ಪಕ್ಕದ ಕೋಣೆಯಲ್ಲಿ ಇಪ್ಪತ್ತೂ ಚಿಪ್ಪನ್ನು ಪರೀಕ್ಷಿಸುವ ಯಂತ್ರ ಗುಂಯ್‌ಗುಡುತ್ತಿರಲು ಅವನು ಬೆರಳು ನೆಕ್ಕಿಕೊಂಡು ತಿಂದ.

ನಾಲ್ಕು ಗಂಟೆಗೆ ಸಾಹೇಬರು ಕಾಗದ ಬೀಸುತ್ತ ಬಂದರು. "ಹತ್ತೊಂಬತ್ತರಲ್ಲಿ ಹೇಳೋ ಅಂಥದ್ದೇನಿಲ್ಲ. ಏಳರಲ್ಲಿ ನೋಡು, ಸೀಸ ಮಿತಿಗಿಂತ ಹನ್ನೆರಡು ಪಟ್ಟು! ಕಳ್ಳನ್ನ ಹಿಡಿದ್ವಿ ಕಣಯ್ಯ!"

ನೀರಣ್ಣನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಸಾಹೇಬರ ಪೆನ್ನು ಕಾಯಂ ಆರ್ಡರಿನ ಮೇಲೆ ಓಡುತ್ತಿತ್ತು. ಬಾಯಿ ಮುಚ್ಚಿಕೊಂಡಿತು.

"ನಾಳೆಯಿಂದ ಏಳನೇ ಗೂಟದ ಹತ್ತಿರ ನೀರಿಗಿಳಿ. ಸೀಸ ಸುರೀತಿರೋನು ಸಿಗೋವರೆಗೆ ಅಲ್ಲೇ ನಿನ್ನ ಡ್ಯೂಟಿ."

ಸಂಜೆ ಮೀನಿನವಳು ಬುಟ್ಟಿ ತೊಳೆಯುತ್ತಿದ್ದಳು.

"ಬೆಳಗ್ಗಿನ ಚಿಪ್ಪು ಎಲ್ಲೀದಮ್ಮ?"

"ಯಾಕೆ, ರುಚಿಯಿರ್ಲಿಲ್ವಾ? ನದೀತನಕ ಯಾರು ಹೋಗ್ತಾರೆ ಸ್ವಾಮಿ. ನಿಮ್ಮ ಆಫೀಸಿನ ಹಿಂದೆ ಕೊಳವೆ ನೀರು ಬೀಳೋ ಗುಂಡಿ ಇದೆಯಲ್ಲ, ಅಲ್ಲೇ ಬೇಕಾದಷ್ಟಿವೆ. ನಾಳೆಗೂ ತರ್ಲಾ?"

"ಬೇಡಮ್ಮ! ಅಲ್ಲಿಂದ ಇನ್ಮೇಲೆ ಒಂದೂ ಹಿಡೀಬೇಡ," ಎಂದ ಅವನು.

ಆ ಕೊಳವೆಗೆ ಒಂಬತ್ತು ವರ್ಷದಿಂದ ದಿನಾ ಸಂಜೆ ಪರೀಕ್ಷೆಯಲ್ಲಿ ಉಳಿದ ಸೀಸದ ದ್ರಾವಣ ಸುರಿಯುತ್ತಿದ್ದವನು ಒಬ್ಬನೇ. ಅವನು ಯಾರೆಂಬುದು ನೀರಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ನಾಳೆ ಬೆಳಗ್ಗೆ ಸೊಂಟಮಟ್ಟ ನದಿಗಿಳಿದು ಅವನನ್ನು ಹುಡುಕಲು ಶುರುಮಾಡಬೇಕಿತ್ತು.