ತೌಡಿನ ಜಾಡಿ ಮತ್ತು ಪ್ರಶಾಂತ ಮನೆ ಪ್ರಮಾಣಪತ್ರ

ಶಿಜುಕುನೋ ಪಟ್ಟಣದ ನಾಗರಿಕರ ಮನಶ್ಶಾಂತಿಯು ಕಳೆದ ಏಪ್ರಿಲ್ ಒಂದರಿಂದ ಪುರಸಭೆಯ ವ್ಯಾಪ್ತಿಗೆ ಒಳಪಟ್ಟಿದೆ. ಇದಕ್ಕಾಗಿ ಪ್ರಶಾಂತಿ ವಿಭಾಗವನ್ನೂ, ಅದರ ಅರ್ಜಿಗಳಿಗಾಗಿ ಹನ್ನೊಂದು ಉಕ್ಕಿನ ಬೀರುಗಳನ್ನೂ ಮಂಜೂರು ಮಾಡಲಾಯಿತು.

ಕೇರಿಯ ಮನೆಯಿಂದ ಮನೆಗೆ ಹೋಗುವ ಸುತ್ತೋಲೆಯಲ್ಲಿ ನಿಯಮಗಳು ಬಂದವು. ಝೆನ್ ಆದರ್ಶದಂತೆ ಪ್ರತಿ ಕೋಣೆಯೂ ಖಾಲಿ ಇರತಕ್ಕದ್ದು. ಒಂದು ಹೂದಾನಿ, ಅದರಲ್ಲಿ ಒಂದು ಹೂವು ಇಡಬಹುದು. ಎರಡನೆಯ ಹೂವಿಗೆ ಪೂರ್ವಾನುಮತಿ ಅಗತ್ಯ. ಗೋಡೆಯ ಮೇಲೆ ಏನೂ ತೂಗುಹಾಕತಕ್ಕದ್ದಲ್ಲ. ಇಡೀ ಮನೆಗೆ ಒಂಬತ್ತೇ ವಸ್ತು; ಪಾಸಾದ ಮನೆಗೆ ಪ್ರಮಾಣಪತ್ರ. ಒಂದು ಮನೆ ನಪಾಸಾದರೆ ಇಡೀ ಕೇರಿ ನಪಾಸು.

ಅರವತ್ತೆಂಟರ ಕಿನುಯೋಗೆ ಮನೆ ಖಾಲಿ ಮಾಡಲು ಅಂಥ ಬೇಸರವೇನೂ ಇರಲಿಲ್ಲ. ಅವಳ ಜೀವವೆಲ್ಲ ಅಡುಗೆಮನೆಯ ಮೂಲೆಯ ಜಾಡಿಯಲ್ಲಿತ್ತು. ಅತ್ತೆ ಕೊಟ್ಟಿದ್ದು. ಒಳಗೆ ಉಪ್ಪು ಬೆರೆಸಿ ಹುದುಗಿಸಿದ ಅಕ್ಕಿ ತೌಡು, ಅದರಲ್ಲಿ ಹೂತಿಟ್ಟ ಸೌತೆ, ಮೂಲಂಗಿ. ನಲವತ್ತು ವರ್ಷದಿಂದ ದಿನಾ ಬೆಳಿಗ್ಗೆ ಕೈಯಾಡಿಸಿದ್ದಳು. ಕೈಯಾಡಿಸದೆ ಬಿಟ್ಟರೆ ತೌಡು ಕೊಳೆಯುತ್ತದೆ.

ಪೂರ್ವಭಾವಿ ಎಣಿಕೆಗೆ ಬಂದ ತಪಾಸಣಾಧಿಕಾರಿ ಕುಸಕಾಬೆ ಜಾಡಿಯ ಹುಳಿ ವಾಸನೆಗೂ ಮೂಗು ಹಿಡಿಯದೆ ನಿಂತ. ಮೂಗು ಹಿಡಿಯುವುದು ನಿಯಮದಲ್ಲಿರಲಿಲ್ಲ.

"ವಸ್ತುಗಳು ಇನ್ನೂರ ಹದಿನಾಲ್ಕು. ಒಂಬತ್ತಕ್ಕೆ ಇಳಿಸ್ಬೇಕು. ಈ ಜಾಡಿ ಹೋಗ್ಬೇಕು, ತಾಯಿ."

"ಇದು ವಸ್ತು ಅಲ್ಲ ಸಾಹೇಬ್ರೇ, ಇದಕ್ಕೆ ಜೀವ ಇದೆ."

"ಜೀವ ಇದ್ರೆ ಸಾಕುಪ್ರಾಣಿ ನೋಂದಣಿ ಆಗಿರ್ಬೇಕಲ್ಲ. ಆಗಿದ್ಯಾ?"

ಆಗಿರಲಿಲ್ಲ.

ದೊಡ್ಡ ಸಾಮಾನು ಎಸೆಯಲು ಪುರಸಭೆಯ ಚೀಟಿ ಬೇಕು. ಊರಿಗೆ ಊರೇ ಎಸೆಯಲು ಹೊರಟಿದ್ದರಿಂದ ಕಿನುಯೋಗೆ ಹದಿನಾಲ್ಕು ತಿಂಗಳ ನಂತರದ ತಾರೀಖು ಸಿಕ್ಕಿತು. ಆದ್ದರಿಂದ ಅವಳು ಸಾಮಾನನ್ನು ನೆರೆಹೊರೆಗೆ ಹಂಚಿದಳು. ಇದು ದೊಡ್ಡ ತಪ್ಪು. ಅಲ್ಲಿ ಉಡುಗೊರೆ ಪಡೆದವರು ಅದರ ಅರ್ಧ ಬೆಲೆಯದನ್ನಾದರೂ ಮರಳಿ ಕೊಡದೆ ತಲೆಯೆತ್ತಿ ತಿರುಗುವಂತಿಲ್ಲ. ಹೊಲಿಗೆ ಯಂತ್ರ ಹೋದ ಸಂಜೆಯೇ ಮೂರು ಕೆಟಲು, ಒಂದು ಪೆಟ್ಟಿಗೆ ಟವೆಲು ಬಂದವು. ಬೆಲೆಯಲ್ಲಿ ಅರ್ಧ, ಸಂಖ್ಯೆಯಲ್ಲಿ ನಾಲ್ಕು ಪಟ್ಟು. ವಾರದೊಳಗೆ ಅವಳ ಮನೆಯ ವಸ್ತುಗಳು ಮುನ್ನೂರ ಆರಕ್ಕೆ ಏರಿದವು.

ದಾರಿ ಹೊಳೆದದ್ದು ಕೇರಿ ಸಂಘದ ಅಧ್ಯಕ್ಷ ಓರಿತೋಗೆ.

"ತಪಾಸಣೆ ದಿನಕ್ಕೊಂದು ಮನೆ ಕಣಮ್ಮ. ನಂದು ಕೊನೇದು, ಶನಿವಾರ. ಅಲ್ಲೀವರ್ಗೂ ಎಲ್ಲರ ಸಾಮಾನೂ ನಮ್ಮನೇಲಿರ್ಲಿ. ಇಟ್ಕೊಳ್ಳೋಕೆ ಕೊಟ್ಟಿದ್ದು, ಉಡುಗೊರೆ ಅಲ್ಲ. ವಾಪಸ್ ಕೊಡೋ ತಲೆನೋವೇ ಇಲ್ಲ."

"ಶನಿವಾರ ಏನ್ಮಾಡ್ತೀರಿ?"

"ಅಷ್ಟೊತ್ತಿಗೆ ನಿಮ್ಮನೆ ಪಾಸಾಗಿರುತ್ತಲ್ಲ! ಎಲ್ಲಾ ಅಲ್ಲಿಗೆ ಸಾಗಿಸಿದ್ರಾಯ್ತು."

"ಜಾಡಿಗೆ ದಿನಾ ಕೈಯಾಡಿಸ್ಬೇಕು. ಮರೆತ್ರೆ ನಾನು ಸುಮ್ನಿರಲ್ಲ ನೋಡಿ."

"ಆ ವಾಸನೆ ಮರೆಯೋಕೆ ಬಿಟ್ರಲ್ವಾ!"

ಗುರುವಾರ ಕಿನುಯೋ ಪಾಸಾದಳು. ಕುಸಕಾಬೆ ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಪ್ರಮಾಣಪತ್ರ ಕೊಟ್ಟ. ಅದನ್ನು ಗೋಡೆಗೆ ಹಾಕುವಂತಿಲ್ಲ, ಇಡಲು ಪೆಟ್ಟಿಗೆಯಿಲ್ಲ. ಮಡಿಲಲ್ಲಿಟ್ಟುಕೊಂಡು ಖಾಲಿ ಚಾಪೆಯ ಮೇಲೆ ಕೂತಳು. ಒಂದು ಹೂದಾನಿ, ಒಂದು ಹೂವು. ಹತ್ತು ನಿಮಿಷ ಶಾಂತಿ ಅನುಭವಿಸಿದಳು. ಆಮೇಲೆ ಕಾಲು ತಣ್ಣಗಾಯಿತು, ಜಾಡಿಯ ನೆನಪಾಗಿ ಅಳು ಬಂತು. ಎದ್ದು ಓರಿತೋ ಮನೆಗೆ ಓಡಿದಳು.

ಅಲ್ಲಿ ಕೇರಿಯೇ ನೆರೆದಿತ್ತು. ಹನ್ನೆರಡು ಮನೆಯ ಸಾಮಾನಿನ ನಡುವೆ, ರಜಾಯಿ ಹೊದಿಸಿ ಒಳಗೆ ಕಾವಿಟ್ಟ ಗಿಡ್ಡ ಮೇಜಿನಡಿ ಕಾಲು ಚಾಚಿ ಎಲ್ಲರೂ ಚಹಾ ಕುಡಿಯುತ್ತಿದ್ದರು. ಬೇರೆಲ್ಲೂ ಕೂರಲು ಜಾಗವಿರಲಿಲ್ಲ. ಉಳಿದ ಮನೆಗಳೆಲ್ಲ ಖಾಲಿ. ಕಿನುಯೋ ಅಂಗಿಯ ತೋಳು ಮಡಚಿ ಮೊಣಕೈವರೆಗೆ ತೌಡಿನಲ್ಲಿ ಕೈಯಿಳಿಸಿದಳು. ತೌಡು ಬೆಚ್ಚಗಿತ್ತು. ಅವಳಿಗೆ ಹೋದ ಜೀವ ಬಂತು.

ಅಷ್ಟರಲ್ಲಿ ಬಾಗಿಲು ಸರಿಯಿತು. ಕುಸಕಾಬೆ! ವರದಿ ಬರೆಯಲು ಇಡೀ ಕೇರಿಯಲ್ಲಿ ಅವನಿಗೊಂದು ಮೇಜು ಸಿಕ್ಕಿರಲಿಲ್ಲ.

"ಈ ಮನೆ ತಪಾಸಣೆ ಯಾವತ್ತು?" ಎಂದ.

"ಶನಿವಾರ, ಸಾಹೇಬ್ರೇ," ಎಂದ ಓರಿತೋ.

"ಇವತ್ತು ಗುರುವಾರ. ಹಾಗಾದ್ರೆ ನಾನಿನ್ನೂ ಏನೂ ನೋಡಿಲ್ಲ."

ಕಾಲು ಮೇಜಿನಡಿ ಸೇರಿಸಿದ. ಕಿನುಯೋ ಜಾಡಿಯಿಂದ ಒಂದು ಸೌತೆ ತೆಗೆದು, ಮೆತ್ತಿದ ತೌಡು ತೊಳೆದು ಹೆಚ್ಚಿಕೊಟ್ಟಳು. ಅವನು ಕಣ್ಣು ಮುಚ್ಚಿ ಅಗಿದ. "ನಮ್ಮಜ್ಜಿ ಮನೇಲೂ ಇತ್ತು," ಎಂದಷ್ಟೇ ಹೇಳಿ, ವರದಿಯಲ್ಲಿ 'ಪ್ರಶಾಂತಿ: ಅತ್ಯುತ್ತಮ' ಎಂದು ಬರೆದು, ಇನ್ನೆರಡು ಹೋಳು ತೆಗೆದುಕೊಂಡ.

ಮರುದಿನ ಬೆಳಿಗ್ಗೆ ಕಿನುಯೋ ಮನೆಗೆ ಲಾರಿಯಲ್ಲಿ ಹನ್ನೊಂದು ಉಕ್ಕಿನ ಬೀರು ಬಂದವು. ಜೊತೆಗೆ ಕುಸಕಾಬೆಯ ಒಂದು ಪತ್ರ: "ನಿನ್ನೆಯ ಸೌತೆಗೆ ನಮ್ಮ ಅಲ್ಪ ಮರು ಉಡುಗೊರೆ. ಸೋಮವಾರ ಮೇಲಿನ ಕಚೇರಿಯವರು ನಮ್ಮ ವಿಭಾಗದ ತಪಾಸಣೆಗೆ ಬರುತ್ತಿದ್ದಾರೆ."

"ಇದರ ಅರ್ಧಕ್ಕೆ ಏನ್ ಕೊಡ್ಲಿ ಈಗ?" ಎಂದು ಕಿನುಯೋ ಕೇಳಿದಳು.

"ಐದೂವರೆ ಬೀರು," ಎಂದ ಓರಿತೋ. "ಮಂಗಳವಾರ ಕೊಟ್ರಾಯ್ತು."

ಅವಳು ಒಪ್ಪಿದಳು. ಓರಿತೋ ಮನೆಯಿಂದ ಮೊದಲು ಜಾಡಿಯನ್ನು ಹೊತ್ತು ತಂದಳು. 'ಪ್ರಶಾಂತಿ: ಬಾಕಿ ಅರ್ಜಿಗಳು' ಎಂದು ಬರೆದಿದ್ದ ಬೀರುವಿನ ಕೆಳಗಿನ ಖಾನೆಯಲ್ಲಿ ಅದು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಪ್ರಮಾಣಪತ್ರಕ್ಕೂ ಮೇಲಿನ ಖಾನೆಯಲ್ಲಿ ಕೊನೆಗೊಂದು ಜಾಗ ಸಿಕ್ಕಿತು.