ಅರ್ಥ ಹೇಳುವ ಅತ್ತೆ

ನಮ್ಮ ಸೋದರತ್ತೆಗೆ ಒಂದಕ್ಷರವೂ ಓದಲು ಬರುವುದಿಲ್ಲ. ಆದರೂ ಡೊಂಬಿವಲಿಯ ಮನೆಯಲ್ಲಿ ಇಡೀ ಒಂದು ವರ್ಷ ಶಾಲೆ ನಡೆಸಿದರೆಂದರೆ ನಂಬುತ್ತೀರಾ?

ಕಾಲಿಗೆ ಆಪರೇಷನ್ ಆಗಿ ಅವರ ಮೊಮ್ಮಗಳಿಗೆ ನಾಲ್ಕನೇ ಕ್ಲಾಸು ಪೂರ್ತಿ ತಪ್ಪಿತ್ತು. ಕನ್ನಡ ಶಾಲೆಯವರು, ಜೂನಿನಲ್ಲಿ ಪರೀಕ್ಷಿಸುತ್ತೇವೆ, ಪಾಸಾದರೆ ಗೆಳತಿಯರ ಜೊತೆ ಐದನೇ ಕ್ಲಾಸು, ಇಲ್ಲದಿದ್ದರೆ ಮತ್ತೆ ನಾಲ್ಕೇ ಎಂದಿದ್ದರು. ಹುಡುಗಿಯ ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆ ಲೋಕಲ್ ರೈಲು ಹಿಡಿದು ಹೋಗುವವರು. ಅತ್ತೆ ವಿಜಯಪುರದಿಂದ ತಂದಿದ್ದ ಪುರಾಣದ ಪುಸ್ತಕ ಕೆಳಗಿಳಿಸಿ, "ಇದರಾಗ ಇಲ್ಲದ್ದು ಯಾವ ಸಾಲ್ಯಾಗೂ ಇಲ್ಲ" ಎಂದುಬಿಟ್ಟರು.

ಕ್ರಮ ಊರಿನ ಮಠದ್ದೇ. ಒಬ್ಬರು ಒಂದು ಪದ್ಯ ಓದಿ ನಿಲ್ಲಿಸಬೇಕು, ಇನ್ನೊಬ್ಬರು ಅರ್ಥ ಹೇಳಬೇಕು. ಓದುವುದು ಹುಡುಗಿ, ಅರ್ಥ ಹೇಳುವುದು ಅತ್ತೆ. ಚಿಕ್ಕಂದಿನಿಂದ ಕೇಳಿ ಕೇಳಿ ಅವರಿಗೆ ಪುರಾಣವೆಲ್ಲ ಬಾಯಿಪಾಠ.

ಸರಿ, ಪುರಾಣದಲ್ಲಿ ಗಣಿತ ಎಲ್ಲಿದೆ? ಕುತೂಹಲ ತಡೆಯಲಾರದೆ ಒಂದು ಭಾನುವಾರ ನಾನಿರುವ ಬದಲಾಪುರದಿಂದ ಹೋಗಿ ಕೂತೆ. ರಾಜನ ದಂಡು ಕಾಡು ದಾಟುತ್ತಿತ್ತು. ಅತ್ತೆ ಅಲ್ಲೇ ತಡೆದು, "ಮುನ್ನೂರ ಮಂದಿ, ಒಬ್ಬೊಬ್ಬಗ ನಾಲ್ಕು ರೊಟ್ಟಿ. ಎಷ್ಟಾದವು?" ಎಂದರು.

"ಬಾರಾ ಸೌ," ಎಂದಳು ಹುಡುಗಿ. ಓದುವುದು ಕನ್ನಡ, ಮಾತು ಮಾತ್ರ ಹಿಂದಿ!

"ಒಬ್ಬಾಕಿ ದಿನಕ್ಕ ನೂರು ಬಡಿದ್ರ?"

"ಬಾರಾ ದಿನ್."

"ಅಷ್ಟೊತ್ತಿಗೆ ದಂಡು ಉಪವಾಸ ಸತ್ತಿರ್ತದ. ಹನ್ನೆರಡ ಮಂದಿ ಬಡಿಯವ್ರು ಬೇಕು."

ನಾನಿನ್ನೂ ಬೆರಳು ಎಣಿಸುತ್ತಿದ್ದೆ.

ಇನ್ನು ಭೂಗೋಳ. ಋಷಿಗಳು ಕಾಶಿಗೆ ಹೊರಟರೂ ಶ್ರೀಶೈಲಕ್ಕೆ ಹೊರಟರೂ, ಅತ್ತೆಯ ಅರ್ಥದಲ್ಲಿ ನಮ್ಮ ಪಕ್ಕದ ಕಲ್ಯಾಣ ಜಂಕ್ಷನ್ನಿನಲ್ಲೇ ಗಾಡಿ ಬದಲಿಸುತ್ತಿದ್ದರು.

"ಅಜ್ಜಿ, ತಬ್ ಟ್ರೇನ್ ಕಹಾಂ ಥೀ?"

"ಗಾಡಿ ಇರಲಿಲ್ಲ, ಖರೆ. ದಾರಿ ಇತ್ತಲ್ಲ? ನಕಾಶಿ ತಗದು ನೋಡು."

ಹುಡುಗಿ ಒಂದು ತಾಸು ನಕ್ಷೆ ಬಿಟ್ಟೇಳಲಿಲ್ಲ. ಇಂಥ ಓದು ನನಗೇಕೆ ಸಿಗಲಿಲ್ಲ ಎಂದು ಹೊಟ್ಟೆ ಉರಿಯಿತು.

ಜೂನ್ ಬಂತು. ಪರೀಕ್ಷೆಗೆ ಅತ್ತೆಯ ಜೊತೆ ನಾನೂ ಹೋದೆ. ಶಿಕ್ಷಕಿ ಹೊಸದೊಂದು ಪಾಠ ಕೊಟ್ಟು ಓದೆಂದರು. ಹುಡುಗಿ ಒಂದು ಸಾಲು ಸ್ಪಷ್ಟವಾಗಿ ಓದಿ ನಿಂತುಬಿಟ್ಟಳು.

"ಯಾಕಮ್ಮ, ಮುಂದೆ ಬರಲ್ವಾ?"

ಹುಡುಗಿ ಸಾಲಿನ ಮೇಲೆ ಬೆರಳಿಟ್ಟು ಅವರ ಮುಖ ನೋಡುತ್ತಿದ್ದಳು. ಅತ್ತೆ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದರು. ಹೋಯಿತು, ಒಂದು ವರ್ಷ ಹೋಯಿತು ಎಂದುಕೊಂಡೆ.

"ಟೀಚರ್, ಅಬ್ ಆಪ್ ಅರ್ಥ್ ಬೋಲೋ ನಾ. ಫಿರ್ ಮೈಂ ಪಢೂಂಗಿ."

ಶಿಕ್ಷಕಿಗೆ ನಗು ಬಂತು. "ಇವತ್ತು ಅರ್ಥನೂ ನೀನೇ ಹೇಳು" ಎಂದರು. ಹುಡುಗಿ ಅಪ್ಪಟ ವಿಜಯಪುರದ ಕನ್ನಡದಲ್ಲಿ, ಅತ್ತೆಯ ಹಾಗೇ ಕೈ ಆಡಿಸುತ್ತ ಹೇಳಿದಳು. ಲೆಕ್ಕಗಳನ್ನೂ ಬಿಡಿಸಿದಳು. ಐದನೇ ಕ್ಲಾಸು ಸಿಕ್ಕಿತು.

ಶಾಲೆ ಶುರುವಾದ ವಾರ ಪೇಢೆ ಹಿಡಿದುಕೊಂಡು ಹೋದೆ. ಅತ್ತೆ ಒಬ್ಬರೇ ಪುಸ್ತಕದ ಮುಂದೆ ಕೂತಿದ್ದರು.

"ಹುಡುಗಿ ಹೋತು, ಭಾಳ ಚಲೋ ಆತು," ಎಂದರು. ಆಮೇಲೆ ಮೆಲ್ಲಗೆ, "ಎಲ್ಲಾ ಬಾಯಿಗೆ ಬರ್ತದ. ಹೇಳೂದು ಯಾರ ಮುಂದ?"

ಠಾಣೆ ಪಟ್ಟಣದಲ್ಲಿ ಹುಟ್ಟಿ ಬೆಳೆದ ನನ್ನ ಕನ್ನಡ ಓದು ಅಷ್ಟಕ್ಕಷ್ಟೇ. ಆದರೂ ಚಾಪೆಯ ಮೇಲೆ ಕೂತು ಪುಸ್ತಕ ಎಳೆದುಕೊಂಡು, ಅಕ್ಷರ ಅಕ್ಷರ ಕೂಡಿಸತೊಡಗಿದೆ.

ಅತ್ತೆ ಕಣ್ಣೊರೆಸಿಕೊಂಡು ಸೆರಗು ಸರಿಮಾಡಿಕೊಂಡರು. "ಸಾವಕಾಶ ಓದು," ಎಂದರು. "ನನಗೇನ ಅವಸರ ಇಲ್ಲ."